ಬೀಗರಿಬ್ಬರಿಗೆ ಒಂದೇ ಕ್ಷೇತ್ರ

ಮೈದಾ ಕುದಿಯುವ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಮಲಾಳ ಹೊಟ್ಟೆಯಲ್ಲಿ ಹಳೆಯ ಹಸಿವೊಂದು ಎದ್ದು ಕೂತಿತು. ಮಗ ಧನುಷನ ಶಾಲೆಯ ಚಾರ್ಟಿಗೆಂದು ಅಂಟು ಕಾಯಿಸುತ್ತಿದ್ದಳು. ಚಿಕ್ಕವಳಿದ್ದಾಗ ಊರಿನ ಒಲೆಯ ಮೇಲೆ ಹೀಗೆಯೇ ಹಂಡೆಗಟ್ಟಲೆ ಅಂಟು ಕುದಿಯುತ್ತಿತ್ತು. ದನಗಳು ಪೋಸ್ಟರ್ ತಿನ್ನದಿರಲೆಂದು ಅಪ್ಪ ಅದಕ್ಕೆ ಮೈಲುತುತ್ತ ಸುರಿಯುತ್ತಿದ್ದರು. ಆ ವಾಸನೆ ಬಂದರೆ ಚುನಾವಣೆ ಬಂತೆಂದು ಅರ್ಥ. ಅಂದು ಒಲೆಯ ಮೇಲೆ ಅನ್ನ ಬೇಯುವುದಿಲ್ಲವೆಂದೂ ಅರ್ಥ...

ಅಪ್ಪ ತಿಮ್ಮಣ್ಣನವರು ವಿಧಾನಸಭೆಗೆ ನಾಲ್ಕು ಸಲ ನಿಂತಿದ್ದರು. ಎಂಬತ್ತೈದರಲ್ಲಿ ಸೋಲು, ಎಂಬತ್ತೊಂಬತ್ತರಲ್ಲಿ ಸೋಲು, ತೊಂಬತ್ತನಾಲ್ಕರಲ್ಲಿ ಅರವತ್ತೊಂದು ಮತಗಳ ಗೆಲುವು, ತೊಂಬತ್ತೊಂಬತ್ತರಲ್ಲಿ ಮತ್ತೆ ಸೋಲು. ತೊಂಬತ್ತನಾಲ್ಕರಲ್ಲಿ ಗೆದ್ದ ಹುರುಪಿನಲ್ಲೇ ಮಗಳನ್ನು, ಪಕ್ಕದ ಕ್ಷೇತ್ರದಲ್ಲಿ ಅದೇ ಪಕ್ಷದಿಂದ ನಿಲ್ಲುತ್ತಿದ್ದ ದತ್ತಾತ್ರೇಯನವರ ಮಗ ಯಶ್ವಂತನಿಗೆ ಕೊಟ್ಟರು. ಎರಡು ಕ್ಷೇತ್ರ, ಒಂದೇ ಮನೆತನ ಎಂದು ಬೀಗರಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು! ಈಗ, ಎರಡು ಸಾವಿರದ ಎಂಟರಲ್ಲಿ, ಗಡಿಗಳನ್ನು ಹೊಸದಾಗಿ ಎಳೆದು ಎರಡನ್ನೂ ಒಂದೇ ಕ್ಷೇತ್ರ ಮಾಡಿದ್ದರು. ಟಿಕೆಟ್ಟೂ ಒಂದೇ. ದಿಲ್ಲಿಯ ಸರೋಜಿನಿ ನಗರದ ಯಶ್ವಂತನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಬ್ಬರೂ ಎಂಟು ದಿನದಿಂದ ಬೀಡುಬಿಟ್ಟಿದ್ದರು. ಬೆಳಿಗ್ಗೆ ಒಂದೇ ಆಟೋದಲ್ಲಿ ಪಕ್ಷದ ಕಚೇರಿಗೆ ಹೋಗುವರು. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡರು.

ಇವತ್ತು ಕಚೇರಿಯವರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು: ಐದು ಗಂಟೆಯೊಳಗೆ ಒಬ್ಬರು ಹಿಂದೆ ಸರಿದು ಬರೆದುಕೊಡಬೇಕು, ಇಲ್ಲದಿದ್ದರೆ ಟಿಕೆಟ್ ಮೂರನೆಯವರಿಗೆ. ಆಗಲೇ ಮೂರೂವರೆ.

ದತ್ತಾತ್ರೇಯನವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಕಾಗದ.

"ಎಲ್ಲಾ ಬರೆಸಿದ್ದೀನಿ. ನಿಮ್ಮಪ್ಪನ ಸಹಿ ಒಂದು ಹಾಕಿಸಿಕೊಡು."

"ಮಾವ... ನಾನು ಯಾವ ಬಾಯಲ್ಲಿ ಕೇಳಲಿ?"

"ಮೂರು ಸಲ ಮಣ್ಣು ಮುಕ್ಕಿದವರಿಗೆ ಇನ್ನೂ ಯಾಕಮ್ಮ ಚಪಲ? ಸಹಿ ಬೀಳಲಿಲ್ಲವೋ, ಅವರ ಜೊತೆ ನೀನೂ ರೈಲು ಹತ್ತು. ಯಶ್ವಂತ ನನ್ನ ಮಾತು ಮೀರೋನಲ್ಲ!"

ಮೀರುವವನಲ್ಲ ಎಂಬುದು ವಿಮಲಾಳಿಗೂ ಗೊತ್ತಿತ್ತು. ಒಲೆ ಆರಿಸಿ ಅಂಟಿನ ಪಾತ್ರೆಯನ್ನು ಕೆಳಗಿಳಿಸಿದಳು.

"ಮಮ್ಮೀ, ಅಂಟು ಹೋ ಗಯಾ ಕ್ಯಾ?" ಅಂಟಾಯಿತೇ ಎಂದು ಒಳಗಿನಿಂದ ಧನುಷ್ ತನ್ನ ಅರೆಹಿಂದಿಯಲ್ಲಿ ಕೂಗಿದ. "ನಾಳೆ ಸಬ್ಮಿಟ್ ಮಾಡ್ಬೇಕು!"

ಪಕ್ಕದ ಕೋಣೆಗೆ ಬಾಗಿಲಿರಲಿಲ್ಲ, ಪರದೆಯಷ್ಟೇ. ಅದನ್ನು ಸರಿಸಿ ತಿಮ್ಮಣ್ಣನವರು ಹೊರಬಂದರು.

"ಕೊಡಿ ಬೀಗರೇ, ಆ ಕಾಗದ ಇಲ್ಲಿ."

"ಅಪ್ಪಾ, ಬೇಡ! ಇದೊಂದೇ, ಇದೇ ಕೊನೇದು ಅಂದಿದ್ರಲ್ಲ..."

"ಕೊನೇದು ತೊಂಬತ್ತೊಂಬತ್ತರಲ್ಲೇ ಆಗಿಹೋಯ್ತು ಮಗಳೇ. ನನಗೆ ತಿಳೀಲಿಲ್ಲ, ಅಷ್ಟೇ."

ಗೋಡೆಗೆ ಒತ್ತಿಟ್ಟು ಸಹಿ ಹಾಕಿದರು. ಲಕೋಟೆಗೆ ತುರುಕಿ, ಉಗುರುಬೆಚ್ಚಗಿನ ಅಂಟಿನಲ್ಲಿ ಬೆರಳದ್ದಿ ಅಂಚಿಗೆ ಸವರಿದರು.

"ಮೈಲುತುತ್ತ ಹಾಕಿಲ್ಲ. ದಿಲ್ಲಿಯ ದನ ತಿಂದಾವು, ಜೋಪಾನ."

ಯಾರೂ ನಗಲಿಲ್ಲ. ಲಕೋಟೆ ಹಿಡಿದ ದತ್ತಾತ್ರೇಯನವರು "ಬೀಗರೇ..." ಎಂದರು, ಚಪ್ಪಲಿ ಮೆಟ್ಟಿದರು. ಮೆಟ್ಟಿಲಿಳಿದು, ಎಂಟು ದಿನಗಳಲ್ಲಿ ಮೊದಲ ಸಲ, ಒಬ್ಬರೇ ಆಟೋ ಹತ್ತಿದರು.

ವಿಮಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ತಿಮ್ಮಣ್ಣನವರು ಅಂಟಿನ ಪಾತ್ರೆಯನ್ನು ನೋಡಿದರು, ಮುಚ್ಚಿಟ್ಟಂತೆಯೇ ಇದ್ದ ಅವಳ ತಟ್ಟೆಯನ್ನು ನೋಡಿದರು.

"ನೀನು ಬೆಳಿಗ್ಗೆಯಿಂದ ಏನಾದರೂ ತಿಂದೆಯಾ?"

ನಾಲ್ಕು ಚುನಾವಣೆಗಳಲ್ಲಿ ಒಮ್ಮೆಯೂ ಅವರು ಕೇಳಿರದ ಮಾತು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಮುಚ್ಚಳ ತೆಗೆದು, ತಣ್ಣಗಾದ ಅನ್ನಕ್ಕೆ ಸಾರು ಬಿಟ್ಟು, ಗಂಟಿಲ್ಲದಂತೆ ಕಲಸಿ, ತಟ್ಟೆಯನ್ನು ಮಗಳ ಕೈಗಿಟ್ಟರು.