ಡ್ರೈವರ್ ಸಾಹೇಬರ ಬಿ.ಪಿ.

ಆ ಪುಣ್ಯಾತ್ಮರು ನನಗೆ ಮೊದಲು ಸಿಕ್ಕಿದ್ದು ಕ್ಲಿನಿಕ್ಕಿನ ಬೆಂಚಿನ ಮೇಲೆ, ಅದೂ ಜಗಳಕ್ಕೆ. ನನ್ನ ಸರದಿಯಲ್ಲಿ ನುಗ್ಗಿದರು. ರಿಟೈರಾದ ಬಸ್ ಡ್ರೈವರಂತೆ. ಓವರ್‌ಟೇಕ್ ಮಾಡುವ ಚಾಳಿ ಇನ್ನೂ ಹೋಗಿರಲಿಲ್ಲ. ಹಾಗಂತ ಮುಖದ ಮೇಲೇ ಹೇಳಿದೆ. ನಕ್ಕುಬಿಟ್ಟರು.

ಜೀವಮಾನವೆಲ್ಲ ಬಟ್ಟೆ ಹೊಲಿದ ಕಣ್ಣು ನನ್ನದು. ಅವರ ಅಂಗಿಯ ತೋಳು ಎಷ್ಟು ಬಿಗಿಯಿತ್ತೆಂದರೆ, ಬಿ.ಪಿ. ನೋಡುವ ಪಟ್ಟಿ ಕಟ್ಟಲು ನರ್ಸ್ ಒದ್ದಾಡುತ್ತಿದ್ದಳು. ಅಂಗಿ ತಂದುಕೊಡಿ, ಸಡಿಲ ಮಾಡಿಕೊಡ್ತೀನಿ ಎಂದೆ.

ಆಮೇಲೆ ಪ್ರತಿ ಮಂಗಳವಾರ ಇಬ್ಬರೂ ಬೇಗ ಬಂದು ಕೂರತೊಡಗಿದೆವು. ಇಬ್ಬರದೂ ಬಿ.ಪಿ. ಕಾಯಿಲೆ, ಅದು ನೆಪ ಅಷ್ಟೇ. ನನ್ನ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ. ಅವರಿರುವುದು ಮಗಳ ಜೊತೆ. ಅವಳು ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಡೀಬೇಕು, ಹೊತ್ತಿಗೆ ಸರಿಯಾಗಿ ತಿನ್ನಬೇಕು, ನಾಲ್ಕು ಜನರ ಜೊತೆ ಬೆರೀಬೇಕು ಅಂತ ಡಾಕ್ಟರು ಇಬ್ಬರಿಗೂ ಹೇಳಿದ್ದರು. ನಾಲ್ಕು ಜನರನ್ನು ಎಲ್ಲಿಂದ ತರೋಣ? ಒಬ್ಬರು ಸಿಕ್ಕಿದ್ದೇ ಹೆಚ್ಚು.

ಹೊಲಿಗೆ ಬಿಚ್ಚಿ ಸಡಿಲ ಮಾಡಿದ ಅಂಗಿ ಕೊಟ್ಟ ದಿನ, ಬಸ್ಸಿನ ಕಿಟಕಿಯ ಬಿಸಿಲಿಗೆ ಕಪ್ಪಾದ ಆ ಕೈ ನನ್ನ ಕೈಗೆ ತಗುಲಿತು. ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

"ಟೈಲರಮ್ಮ, ಒಬ್ರಿಗೇ ಅಂತ ಒಲೆ ಹಚ್ಚೋಕೆ ಬೇಜಾರು ಅಂತೀರಲ್ಲ. ರಾತ್ರಿ ಊಟ ಒಟ್ಟಿಗೇ ಮಾಡೋಣ್ವಾ? ದಿನಾ?"

ದಿನಾ ಎಂದರೆ ಏನು ಅಂತ ತಿಳಿಯದಷ್ಟು ಪೆದ್ದಿಯಲ್ಲ ನಾನು. ಮೊದಲು ಮಗಳಿಗೆ ಹೇಳಿ ಎಂದೆ. ಕಿವಿ ಬಿಸಿಯಾಗಿತ್ತು, ಈ ವಯಸ್ಸಿನಲ್ಲಿ.

ಅವರು ಹೇಳುವ ಮೊದಲೇ ಎಡವಟ್ಟಾಯಿತು. ಕ್ಲಿನಿಕ್ಕಿನಲ್ಲಿ ಅವರ ಬಿ.ಪಿ. ಸದಾ ಏರಿರುತ್ತಿತ್ತು, ಡಾಕ್ಟರು ಮಾತ್ರೆ ಹೆಚ್ಚಿಸುತ್ತ ಹೋದರು. ಮನೆಗೆ ಹೋದರೆ ಅದು ತಾನಾಗೇ ಇಳಿಯುತ್ತಿತ್ತು, ಸಾಲದ್ದಕ್ಕೆ ಈ ಮಾತ್ರೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಕ್ಲಿನಿಕ್ಕಿಗೆ ಕರೆತಂದ ಮಗಳು ಯಾಕೆ ಹೀಗಾಯಿತೆಂದು ಕೇಳಿದಾಗ ಬಾಯಿ ಬಿಟ್ಟವಳು ನರ್ಸ್: ಟೈಲರಮ್ಮ ಪಕ್ಕದಲ್ಲಿ ಕೂತಾಗಷ್ಟೇ ಇವರಿಗೆ ಏರೋದು. ಡಾಕ್ಟರು ನಕ್ಕು ಮಾತ್ರೆ ಕಡಿಮೆ ಮಾಡಿದರು. ಮಗಳು ನಗಲಿಲ್ಲ. ಅವಳ ತಾಯಿ ಸತ್ತಿದ್ದೇ ಬಿ.ಪಿ. ಏರಿ. ಮನೆಗೇ ಮಷಿನ್ ತಂದಳು, ಅಪ್ಪನನ್ನು ಕ್ಲಿನಿಕ್ಕಿಗೆ ಕಳಿಸುವುದನ್ನೇ ನಿಲ್ಲಿಸಿದಳು.

ತಡೆಯಲಾರದೆ ಅವರ ಮನೆಗೇ ಹೋದೆ. ಮಗಳು ಬಾಗಿಲಲ್ಲೇ ತಡೆದಳು. ಒಳಗೆ ಅವರು ನಾನು ಸಡಿಲ ಮಾಡಿದ ಅಂಗಿ ತೊಟ್ಟು, ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಮುಖ ಸೊರಗಿತ್ತು. ನನ್ನ ದನಿ ಕೇಳಿ ತಲೆ ಎತ್ತಿದರು. ಮಷಿನ್ ಕೀ ಕೀ ಎಂದಿತು.

"ನೋಡಿ ಆಂಟಿ, ಇದಕ್ಕೇ ಬೇಡ ಅಂದಿದ್ದು. ನಂಗಿರೋದು ಅಪ್ಪ ಒಬ್ರೇ."

"ಇದು ಕಾಯಿಲೆ ಅಲ್ಲಮ್ಮ," ಎಂದರು ಅವರು. "ಇವರನ್ನ ಕಂಡ್ರೆ ನಂಗಿಷ್ಟ."

ನನಗೆ ಹೇಳಬೇಕಾದ ಮಾತನ್ನು ಮಗಳಿಗೆ ಹೇಳಿದರು. ಅವಳು ಅಳತೊಡಗಿದಳು. ಅಳುವ ಮಗಳನ್ನು ದಾಟಿ ಒಳಗೆ ಹೋಗಲು ನನಗೆ ಕಾಲು ಬರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ. ಅವರೂ ಎದ್ದು ಬರಲಿಲ್ಲ.

ಈ ಮಂಗಳವಾರ ಬೆಂಚಿನ ಮೇಲೆ ನಾನೊಬ್ಬಳೇ. ನರ್ಸ್ ಪಟ್ಟಿ ಬಿಚ್ಚುತ್ತ ಮುಖ ಅರಳಿಸಿದಳು.

"ಟೈಲರಮ್ಮ, ನಿಮ್ಮದೂ ಚೆನ್ನಾಗಿ ಇಳಿದಿದೆಯಲ್ಲ. ಏನ್ ಮಾಡಿದ್ರಿ?"

"ಏನೂ ಇಲ್ಲಮ್ಮ," ಎಂದೆ. "ಈಗ ನನ್ನ ಪಕ್ಕ ಯಾರೂ ಕೂರಲ್ಲ."