ಸಸ್ತಾ ಸತುವಿನ ಕುಲುಮೆ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿದ್ದರಾಮಪ್ಪ ತನ್ನ ಕೆಲಸಗಾರ ಅಂಗಾರನ ರಟ್ಟೆ ಹಿಡ್ಕೊಂಡೇ ಮುಂಬಯಿಯ ಬೈಕುಲ್ಲಾ ಪೊಲೀಸ್ ಸ್ಟೇಷನ್ನಿಗೆ ಬಂದ. ಬಕೆಟ್ಟಿಗೆ ಸತು ಲೇಪಿಸೋ ವರ್ಕ್‌ಶಾಪು ಅವನದು.

“ಸತುವಿನ ಗಟ್ಟಿ ಎರಡು ಹೋಗ್ಯಾವ್ರೀ ಸಾಹೇಬ್ರ. ಚಾವಿ ಇವನ ಹತ್ರನ ಇತ್ತು. ಒಳಗ ಹಾಕ್ರಿ.”

“ನಾನು ಮುಟ್ಲಿಲ್ಲ ಮಾರಾಯ್ರೆ. ಕೇಸಾದ್ರೆ ನನಗೆ ಮತ್ತೆ ಯಾರು ಕೆಲಸ ಕೊಡುದು?”

ಇನ್ಸ್‌ಪೆಕ್ಟರ್ ಗುರಲಿಂಗಪ್ಪ ಎಫ್‌ಐಆರ್‌ನಲ್ಲಿ ಆರೋಪಿ ‘ಅಪರಿಚಿತ’ ಅಂತ ಬರೆಸಿ, ಕಾನ್‌ಸ್ಟೇಬಲ್ ದೂಜನ ಜೊತೆ ಅವರಿಬ್ಬರನ್ನೂ ಕರ್ಕೊಂಡು ವರ್ಕ್‌ಶಾಪಿಗೆ ಹೋದ್ರು. ಬೀಗ ನೆಟ್ಟಗಿತ್ತು. ಮೇಲಿನ ಮರದ ಚಾವಣೀಲಿ ಒಂದು ಹಲಗೆಗೆ ಮಾತ್ರ ಹೊಸ ಮೊಳೆ. ಬಕೆಟ್ಟುಗಳ ಮೇಲೆಲ್ಲ ಬಿಳಿ ಪುಡಿ.

“ಇದೇನ್ರೀ?”

“ಮ್ಯಾಲಿನ ಎಂಟೆಕ್ ಸಾಹೇಬ್ರ ವಿಜ್ಞಾನ. ದಿನಾ ಉದುರ್ತದ,” ಅಂದ ಸಿದ್ದರಾಮಪ್ಪ.

ಮೇಲಿನ ಮನೆ ಅನುರಾಗನದು. ಹಿತ್ತಲ ಗ್ಯಾಲರೀಲಿ ಡ್ರಮ್ಮಿನ ಕುಲುಮೆ. ಮೇಜಿನ ಮೇಲೆ ಫಳಫಳ ಹೊಳೆಯೋ ಸತು, ಇಡ್ಲಿ ಆಕಾರದಲ್ಲಿ.

“ಅದಿರಿನಿಂದಾನೇ ತೆಗ್ದಿದ್ದು. ಅರ್ಧ ಖರ್ಚು,” ಅಂದ ಅನುರಾಗ. “ಸಂಜೆ ದುಡ್ಡು ಹಾಕೋ ಪಾರ್ಟಿ ಬರ್ತಿದೆ. ಮಾವ ಹಾರ ತರೋಕೆ ದಾದರಿಗೆ ಹೋಗಿದಾರೆ.”

“ಖರ್ಚು ಎಲ್ಲಿ ಉಳೀತು?”

“ಸತು ಹಬೆಯಾಗಿ ಏಳತ್ತೆ ಸರ್. ಬೇರೆಯವರು ಅದನ್ನ ಹಿಡಿದು ತಣಿಸೋಕೆ ಮುಚ್ಚಿದ ಪಾತ್ರೆ ಇಡ್ತಾರೆ. ದಂಡದ ಖರ್ಚು. ನಾನು ತೆಗ್ದುಬಿಟ್ಟೆ.”

ದೂಜ ಕೆಮ್ಮಿದ.

ಸಾಕ್ಷಿಗೆ ಇಬ್ಬರು ಪಂಚರನ್ನ ನಿಲ್ಲಿಸಿ ಕುಲುಮೆ ಹಚ್ಚಿಸಿದ್ರು. ಹುರಿದ ಅದಿರು, ಇದ್ದಿಲು, ಬ್ಲೋವರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಹೊಗೆ ಎದ್ದು, ತೊಳೆದು ಒಣಗ್ಹಾಕಿದ್ದ ಇಡೀ ಚಾಳಿನ ಬಟ್ಟೆಗೆ ಪೌಡರ್ ಬಳೀತು. ಮೂಸೇಲಿ ಉಳಿದಿದ್ದು ಬೂದಿ.

“ಸತು ಎಲ್ಲ್ರೀ?”

ಅನುರಾಗ ಆಕಾಶ ನೋಡಿದ.

“ಸರಿ, ಅದು ಅಲ್ಲಿಗೆ ಹೋಯ್ತು. ಈ ಇಡ್ಲಿ ಎಲ್ಲಿಂದ ಬಂತು?”

ಅಡುಗೆಮನೆಯಿಂದ ಅನುರಾಗನ ಹೆಂಡತಿ ಸಾಧನಾ ಸುಟ್ಟು ಕಪ್ಪಾದ ಇಡ್ಲಿ ತಟ್ಟೆ ತಂದು ಕುಕ್ಕಿದಳು. “ಕೇಳಿ ಸರ್, ನಾನೂ ಕೇಳಿ ಕೇಳಿ ಸಾಕಾಗಿದೀನಿ.”

ಮಂಚದಡಿ, ಆ ಹೊಸ ಮೊಳೆಯ ಹಲಗೆ ಮೇಲೇ, ಸಿದ್ದರಾಮಪ್ಪನ ಮಾರ್ಕಿನ ಗಟ್ಟಿ ಒಂದು, ಕರಗಿಸೋದು ಬಾಕಿ, ಹಾಗೇ ಸಿಕ್ತು. ಪಂಚನಾಮೆ ಆಯ್ತು. ಅಂಗಾರ ತನ್ನ ರಟ್ಟೆ ಉಜ್ಜಿಕೊಂಡ. ಸಿದ್ದರಾಮಪ್ಪ “ಚಾ ಕುಡೀತೀಯೇನೋ?” ಅಂದ.

ಗುರಲಿಂಗಪ್ಪ ಅನುರಾಗನ ಕಡೆ ತಿರುಗಿದ್ರು. “ಯಾಕ್ರೀ ಮಾಡಿದ್ರಿ?”

“ಮದುವೆಯಾಗಿ ಇಷ್ಟು ವರ್ಷ ಆದ್ರೂ ಮಾವ ಗೋಡೆ ನೋಡ್ಕೊಂಡೇ ನನ್ನ ಹತ್ರ ಮಾತಾಡ್ತಾರೆ ಸರ್. ಒಂದ್ಸಲ ಮುಖ ನೋಡಿ ಮಾತಾಡ್ಲಿ ಅಂತ.”

ಅನುರಾಗನನ್ನ ಕೆಳಗಿಳಿಸುವಾಗ ಮೆಟ್ಟಿಲಲ್ಲೇ ಮಾವ ವೆಂಕಟಸುಬ್ಬಯ್ಯ ಎದುರಾದ್ರು, ಕೈಯಲ್ಲಿ ಸುಗಂಧರಾಜದ ಹಾರ. ಅಳಿಯನ ಮುಖ ನೋಡಿಯೇ ಮಾತಾಡಿದ್ರು. ಆಡಿದ್ದು ಕಾಗದದಲ್ಲಿ ಬರೆಯೋ ಹಾಗಿರಲಿಲ್ಲ. ದೂಜ ಬರೀಲಿಲ್ಲ.