ಆನೆಯ ಪುಟ

'ಪೆರ್ಲದ ಹುಡುಗಿ, ಹೆಸರು ತಿಳಿದಿಲ್ಲ' ಎಂದು ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಉಳಿದದ್ದನ್ನೆಲ್ಲ ಹರಿನಾರಾಯಣ ಮಾಷ್ಟ್ರು ಹೇಗಾದರೂ ನುಂಗಿಕೊಳ್ಳುತ್ತಿದ್ದರೋ ಏನೋ. ಆ ಒಂದು ಸಾಲು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಪುಟದ ತುಂಬ ಅವರ ಮಗಳು ನಿಖಿತಾ ಇದ್ದಳು. ಪೆರ್ಲದಲ್ಲಿದ್ದ ಹಳೆಯ ಮನೆಯ ಜಗಲಿ, ಅಂಚು ಬಿಚ್ಚಿದ ಚಾಪೆ, ಕಟಬಾಯಿಯಿಂದ ಇಳಿದ ಜೊಲ್ಲು, ಮೊಣಕಾಲಿಗಿಂತ ಮೇಲೆ ಸರಿದ ಲಂಗ. ಆಗ ಅವಳಿಗೆ ಹದಿಮೂರು ವರ್ಷ. ಗುಡ್ಡದ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕದ ವಿಷಮದ್ದು ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಮಗು. ಮಾತು ಬರಲಿಲ್ಲ, ಕೈ ಏಳಲಿಲ್ಲ. ಲಂಗ ಸರಿದರೆ ತಾಯಿ ಬಂದು ಸರಿಮಾಡಬೇಕಿತ್ತು. ಅವತ್ತು ತಾಯಿ ಬಾವಿಕಟ್ಟೆಯಲ್ಲಿದ್ದಳು, ತಂದೆ ಶಾಲೆಯಲ್ಲಿದ್ದರು. ಆ ನಡುವೆ ಯಾರೋ ಅಂಗಳಕ್ಕೆ ಬಂದು, ಪಟ ತೆಗೆದು, ಹೋಗಿದ್ದ.

ಹೋದವನು ಹದಿನಾಲ್ಕು ವರ್ಷಗಳ ಮೇಲೆ ಮರಳಿ ಬಂದ. ಅದೂ ಅವರದೇ ಮನೆಗೆ. ಮಗಳನ್ನು ಮಂಗಳೂರಿನ ಆಸ್ಪತ್ರೆಗೆ ಕೊಂಡೊಯ್ಯಲು ಹತ್ತಿರವಾಗಲೆಂದು ಮಾಷ್ಟ್ರು ಪೆರ್ಲದ ಮನೆ ಮಾರಿ ಹೊಸಂಗಡಿಯ ಹೆದ್ದಾರಿ ಬದಿಯಲ್ಲಿ ಮನೆ ಮಾಡಿದ್ದರು. ಮಗಳು ಹೋದ ಮೇಲೆ ಮಾಳಿಗೆಯ ಕೋಣೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಆಂಟನ್ ಎಂಬ ಆ ಐವತ್ತರ ವಿದೇಶಿ ಮೊದಲ ದಿನವೇ ಚಹಾ ಕುಡಿಯುತ್ತ ತನ್ನ ಪುಸ್ತಕವನ್ನು ತಾನಾಗಿಯೇ ಬಿಡಿಸಿ ತೋರಿಸಿದ.

"ನನಗೆ ಪ್ರಶಸ್ತಿ ಬಂದದ್ದು ಈ ಪಟಕ್ಕೇ ಸರ್" ಎಂದ. "ಆ ಮದ್ದಿನಿಂದ ಹೀಗಾದ ಮಕ್ಕಳೆಲ್ಲ ಈಗ ಏನಾಗಿದ್ದಾರೆ ಎಂದು ಇನ್ನೊಂದು ಪುಸ್ತಕ ಮಾಡಬೇಕು. ಈ ಹುಡುಗಿಯನ್ನು ನೀವು ಬಲ್ಲಿರಾ?"

"ಇಲ್ಲ" ಎಂದರು ಮಾಷ್ಟ್ರು.

ಆ ಸಂಜೆ ಜಪದಲ್ಲಿ ಲೆಕ್ಕ ತಪ್ಪಿತು. ನಲವತ್ತು ವರ್ಷಗಳಲ್ಲಿ ಹಾಗೆ ಆದದ್ದು ಅದೇ ಮೊದಲು. ಕೈಯಲ್ಲಿ ನೀರು ಹಿಡಿದು ಕುಳಿತಿದ್ದಾಗ ಅವರಿಗೆ ಒಂದು ವಿಚಾರ ಖಚಿತವಾಯಿತು. ಸಾವಿರಾರು ಮೈಲಿ ಆಚೆಯಿದ್ದವನನ್ನು ದೇವರು ತಂದು ಇದೇ ಬಾಗಿಲಲ್ಲಿ ನಿಲ್ಲಿಸಿದ್ದರೆ ಅದು ಸುಮ್ಮನೆ ಅಲ್ಲ.

ಹೊಡೆಯುವುದು ಬಡಿಯುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಅವರಿಗೆ ಬೇಕಾದದ್ದು ಇಷ್ಟೇ: ಎದ್ದು ಹೋಗಲಾಗದ ಒಂದು ಜಾಗದಲ್ಲಿ ಇವನು ಕೂತಿರಬೇಕು. ಗುರುತಿಲ್ಲದವರು ಬಂದು ನೋಡಿ ಹೋಗಬೇಕು. ಯಾರೂ ಹೆಸರು ಕೇಳಬಾರದು.

ಅಂಥ ಜಾಗ ಒಂದು ಕಾಸರಗೋಡಿನಲ್ಲಿ ಉಂಟೆಂದು ಪೇಪರಿನಲ್ಲಿ ಓದಿದ್ದರು. ವೀಸಾ ಮುಗಿದರೂ ಊರು ಬಿಡದ ವಿದೇಶಿಯರನ್ನು ಹಿಡಿದು, ಸರಕಾರ ಅವರನ್ನು ಹಿಂದಕ್ಕೆ ಕಳಿಸುವ ತನಕ ಕೂಡಿಹಾಕುವ ಕಟ್ಟಡ. ದಿನಗಳ ತಪ್ಪಿಗೆ ತಿಂಗಳುಗಟ್ಟಲೆ ಕೂತವರಿದ್ದಾರೆ ಎಂದು ಬರೆದಿತ್ತು.

ಮೂವತ್ತೆರಡು ವರ್ಷ ಗಣಿತ ಕಲಿಸಿದವರು ಅವರು. ಮೆಟ್ಟಿಲು ಮೆಟ್ಟಿಲಾಗಿ ಯೋಚಿಸಿದರು. ಮೊದಲನೆಯದಾಗಿ ತಾನು ಕಾನೂನಿಗೆ ಸರಿಯಾಗಿರಬೇಕು. ವಿದೇಶಿ ಅತಿಥಿಯ ವಿವರವನ್ನು ಒಂದು ದಿನದೊಳಗೆ ಪೊಲೀಸರಿಗೆ ತಿಳಿಸುವ ಸಿ ಫಾರ್ಮನ್ನು, ಸರಕಾರಿ ಅರ್ಜಿಗಳನ್ನು ಬರೆದುಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ತುಂಬಿಸಿದರು. ವೀಸಾ ಮುಗಿಯುವುದು ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ. ಅದನ್ನು ತಮ್ಮ ರಿಜಿಸ್ಟರಿನಲ್ಲೂ ಕೆಂಪು ಶಾಯಿಯಲ್ಲಿ ಬರೆದರು.

ಆಂಟನಿಗೆ ಇನ್ನೆರಡು ತಿಂಗಳು ಇರಬೇಕೆಂದಿತ್ತು. ಅಂಥ ವೀಸಾ ಮುಂದುವರಿಯುವುದು ಕಷ್ಟವೆಂದು ಮಾಷ್ಟ್ರು ಕೇಳಿ ತಿಳಿದುಕೊಂಡಿದ್ದರು. ಅತಿಥಿಗೆ ಮಾತ್ರ ಬೇರೆ ಹೇಳಿದರು. "ಕಾಸರಗೋಡಿನ ಕಚೇರಿಯಲ್ಲಿ ನನ್ನ ಹಳೆಯ ಶಿಷ್ಯನಿದ್ದಾನೆ. ಪಾಸ್‌ಪೋರ್ಟ್ ಕೊಡಿ, ಎಲ್ಲ ಆಗುತ್ತದೆ."

ಆಂಟನ್ ಮರುಮಾತಿಲ್ಲದೆ ಕೊಟ್ಟ. ಒಂದು ಚೀಟಿಯನ್ನೂ ಕೇಳಲಿಲ್ಲ. ಈ ದೇಶದಲ್ಲಿ ತನಗಾಗಿ ಯಾರಾದರೂ ಓಡಾಡುವುದು ಅವನಿಗೆ ರೂಢಿಯಾಗಿತ್ತು. ಆ ನಂಬಿಕೆ ಕಂಡು ಮಾಷ್ಟ್ರಿಗೆ ಕನಿಕರ ಬರಲಿಲ್ಲ, ಸಿಟ್ಟು ಇನ್ನಷ್ಟು ಏರಿತು.

ಎರಡನೆಯದು, ಅದನ್ನು ಬಚ್ಚಿಡುವ ಜಾಗ. ಕಪಾಟನ್ನು ಹೆಂಡತಿ ಪುಷ್ಪಾವತಿ ದಿನಕ್ಕೆರಡು ಸಲ ತೆಗೆಯುತ್ತಾಳೆ. ಅವಳು ಕೈಹಾಕದ ಜಾಗ ಮನೆಯಲ್ಲಿ ಒಂದೇ: ನಿಖಿತಾಳ ತಗಡಿನ ಪೆಟ್ಟಿಗೆ. ಅದರಲ್ಲಿ ಮಗಳ ಎರಡು ಲಂಗ, ಒಂದು ಬಾಚಣಿಗೆ, ಪ್ರಾಣಿಗಳ ಚಿತ್ರವಿದ್ದ ದಪ್ಪ ರಟ್ಟಿನ ಒಂದು ಪುಸ್ತಕ ಇದ್ದವು. ತಾಯಿ ಪುಟ ಮಗುಚುತ್ತಿದ್ದಳು, ಆನೆ ಬಂದಾಗ ಮಗಳು ನಗುತ್ತಿದ್ದಳು. ಇಪ್ಪತ್ತಾರು ವರ್ಷ ಅದೊಂದೇ ಪುಸ್ತಕ, ಅದೊಂದೇ ನಗು. ಹೋದ ವರ್ಷ ಶ್ರಾವಣದಲ್ಲಿ ಮಗಳು ತೀರಿಕೊಂಡ ಮೇಲೆ ಪುಷ್ಪಾವತಿ ಆ ಪೆಟ್ಟಿಗೆಯ ಮುಚ್ಚಳ ಎತ್ತಿದ್ದನ್ನು ಅವರು ಕಂಡಿರಲಿಲ್ಲ. ಪಾಸ್‌ಪೋರ್ಟನ್ನು ಆನೆಯ ಪುಟದಲ್ಲಿಟ್ಟು ಮುಚ್ಚಿದರು. ಇದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ ಅನ್ನಿಸಿತು.

ಮೂರನೆಯ ಮೆಟ್ಟಿಲು ಅವರಿಗೇ ಹೆಮ್ಮೆ ತರಿಸುವಂಥದು. ಒಂದೆರಡು ದಿನ ಮೀರಿದರೆ ದಂಡ ಕಟ್ಟಿಸಿ ಬಿಟ್ಟುಬಿಡುತ್ತಾರೆ. ಮೂರು ವಾರದ ಹತ್ತಿರವಾದರೂ ಬರಬೇಕು. ಆದರೆ ಅಷ್ಟು ದಿನ ನೀವೇಕೆ ತಿಳಿಸಲಿಲ್ಲ ಎಂದು ಪೊಲೀಸರು ಕೇಳಿದರೆ? ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದ ಕಣ್ಣಿನ ಪೊರೆಯ ಆಪರೇಷನನ್ನು ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಮಾಡಿಸಿಕೊಂಡರು. ಇಪ್ಪತ್ತು ದಿನ ಓದುಬರಹ ಬೇಡ, ಹೊಗೆ ಬೇಡ, ಕಪ್ಪು ಕನ್ನಡಕ ತೆಗೆಯಬಾರದು ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡರು. ರಿಜಿಸ್ಟರು ನೋಡಲಾಗದ ಮುದುಕನನ್ನು ಯಾರು ದೂರುತ್ತಾರೆ?

ನಡುವೆ ನವರಾತ್ರಿ ಬಂತು. ಹೋದ ವರ್ಷ ಸೂತಕವೆಂದು ಮನೆಯಲ್ಲಿ ಹಬ್ಬವಿರಲಿಲ್ಲ. ಈ ಸಲ ಮಗಳ ವರ್ಷಾಂತದ ಕ್ರಿಯೆ ಕಳೆದಿತ್ತು. ಮಹಾನವಮಿಗೆ ಪುಷ್ಪಾವತಿ ಮನೆಯ ಪುಸ್ತಕಗಳನ್ನೆಲ್ಲ ಪೂಜೆಗೆ ಜೋಡಿಸಿ ರೇಷ್ಮೆ ವಸ್ತ್ರ ಹೊದಿಸಿದಳು. "ಹೊಗೆ ಉಂಟು, ನೀವು ಒಳಗೆ ಬರ್ಬೇಡಿ, ಅಲ್ಲಿಯೇ ನಿಲ್ಲಿ" ಎಂದಳು. ಮಾಷ್ಟ್ರು ಬಾಗಿಲಾಚೆ ನಿಂತು, ಕಪ್ಪು ಕನ್ನಡಕದೊಳಗಿಂದ ಕೆಂಪಗೆ ಮಸುಕಾಗಿ ಕಂಡ ರಾಶಿಗೆ ಕೈಮುಗಿದು, ಗಂಟೆ ಬಾರಿಸಿದರು. ಹಿಡಿದ ಕೆಲಸ ಕೈಗೂಡಿಸು ತಾಯಿ ಎಂದು ಸರಸ್ವತಿಯಲ್ಲಿ ಮನಸಾರೆ ಬೇಡಿಕೊಂಡರು.

ಅಕ್ಟೋಬರ್ ಹದಿನಾಲ್ಕು ಮಂಗಳವಾರ. ಪುಷ್ಪಾವತಿ ಬೋವಿಕಾನದಲ್ಲಿರುವ ತಂಗಿಯ ಮನೆಗೆ ಹೋಗುವ ದಿನ. ಅವಳು ಬಸ್ಸು ಹತ್ತಿದ ಮೇಲೆ ಮಾಷ್ಟ್ರು ಪೆಟ್ಟಿಗೆ ತೆರೆದು ಪಾಸ್‌ಪೋರ್ಟ್ ತೆಗೆದರು. ಹೊರಗಿನ ರಟ್ಟನ್ನು ಒದ್ದೆ ಬಟ್ಟೆಯಿಂದ ಒರಸಿ, ತಮ್ಮ ಬೆರಳ ಗುರುತು ಉಳಿಯದಂತೆ ಮಾಡಿದರು. ಬಿಡಿಸಿ ನೋಡಲಿಲ್ಲ. ಒಳಗೆ ಆ ಮುಖ ಇರುತ್ತದೆ. ಹೊಸ ಕಣ್ಣಿಂದ ಅದನ್ನು ನೋಡುವ ಮನಸ್ಸು ಅವರಿಗಿರಲಿಲ್ಲ. ಆಂಟನ್ ಸ್ನಾನಕ್ಕೆ ಹೋದಾಗ ಅವನ ಕ್ಯಾಮರಾ ಚೀಲದ ತಳಕ್ಕೆ ತಳ್ಳಿ, ಕೊಡೆ ಹಿಡಿದು ಠಾಣೆಗೆ ನಡೆದು, ಅತಿಥಿಯ ವೀಸಾ ಮುಗಿದದ್ದು ಇವತ್ತಷ್ಟೇ ಕಣ್ಣಿಗೆ ಬಿತ್ತು ಎಂದರು.

"ಇಷ್ಟಕ್ಕೆ ಹೆದರುದು ಎಂತಕ್ಕೆ ಮಾಷ್ಟ್ರೇ?" ಎಂದಳು ಎಸ್ಐ ದೀಪಶ್ರೀ. ಅವಳ ಅಣ್ಣನಿಗೆ ಅವರು ಕಲಿಸಿದ್ದರು. "ನಿಮ್ಮ ಕಣ್ಣಿನ ಆಪರೇಷನ್ ಆದದ್ದಲ್ವಾ. ನಾವು ಬಂದು ನೋಡ್ತೇವೆ."

ಮಾಳಿಗೆಯಲ್ಲಿ ಎಲ್ಲ ಅವರು ಎಣಿಸಿದಂತೆಯೇ ನಡೆಯಿತು. ಪಾಸ್‌ಪೋರ್ಟ್ ಇವರ ಕೈಯಲ್ಲಿದೆ, ವಿಸ್ತರಣೆಗೆ ಕೊಟ್ಟಿದ್ದೇನೆ ಎಂದ ಆಂಟನ್.

"ಪಾಪ, ಮರೆವು ಇರ್ಬೇಕು ಅಮ್ಮಾ" ಎಂದರು ಮಾಷ್ಟ್ರು. "ಚೀಲದಲ್ಲಿಯೇ ಎಲ್ಲಿಯಾದ್ರೂ ಉಂಟಾ ಅಂತ ಒಮ್ಮೆ ನೋಡಿ."

ಕಾನ್‌ಸ್ಟೇಬಲ್ ಚೀಲ ಮಗುಚಿದಾಗ ಪಾಸ್‌ಪೋರ್ಟ್ ನೆಲಕ್ಕೆ ಬಿತ್ತು. ದೀಪಶ್ರೀ ಹಿಂದಿನಿಂದ ಹಾಳೆ ಸರಿಸಿ, ವೀಸಾ ಮೊಹರಿನ ತಾರೀಕು ನೋಡಿ, ಲಕೋಟೆಗೆ ಹಾಕಿದಳು. ಆಂಟನನ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಮಾತು ಬಾರದ ಬಾಯಿ ಹೇಗಿರುತ್ತದೆ ಈಗ ಗೊತ್ತಾಯಿತಲ್ಲ ಎಂದುಕೊಂಡರು ಮಾಷ್ಟ್ರು.

ಜೀಪು ಹೋದ ಮೇಲೆ ಕೆಳಗಿನ ಹೋಟೆಲಿನ ಭುಜಂಗ ಸೌಟು ಹಿಡಿದುಕೊಂಡೇ ಹೊರಗೆ ಬಂದ. "ಎಂತ ಮಾರಾಯ್ರೆ, ನಿಮ್ಮ ಬಿಳಿ ಅಳಿಯನನ್ನು ಕೊಂಡೋದ್ರಲ್ಲ!"

ಅಳಿಯ. ಮಾಷ್ಟ್ರು ಅವನನ್ನು ನೋಡಿದ ನೋಟಕ್ಕೆ ಭುಜಂಗ ಸೌಟು ಕೆಳಗಿಳಿಸಿ ಒಳಗೆ ಹೋದ.

ಹತ್ತು ದಿನ ಕಳೆದು ದೀಪಶ್ರೀ ಫೋನು ಮಾಡಿದಳು. ಆಂಟನನ್ನು ಇಟ್ಟಲ್ಲಿಗೇ ಬಂದು ಹೇಳಿಕೆಗೆ ರುಜು ಹಾಕಿದರೆ ಆಯಿತು, ನಿಮಗೆ ಎರಡೆರಡು ಸಲ ಓಡಾಟ ಬೇಡ ಎಂದಳು. ಪುಷ್ಪಾವತಿ ಅಷ್ಟರಲ್ಲಿ ನೇಂದ್ರ ಬಾಳೆಕಾಯಿಯ ಉಪ್ಪೇರಿ ಹುರಿದು ಡಬ್ಬಿ ತುಂಬಿಸಿದ್ದಳು.

"ನಾನೂ ಬರ್ತೇನೆ. ಪಾಪ, ಪರದೇಶಿ. ಎಂತದೋ ವೀಸಾದ ತೊಂದರೆಗೆ ಹಿಡಿದು ಹಾಕುದಾ? ಊಟ ಕೊಡ್ತಾರೋ ಇಲ್ವೋ."

ಪಟದ ಪುಸ್ತಕವನ್ನು ಮಾಷ್ಟ್ರು ಅವಳಿಗೆ ತೋರಿಸಿರಲಿಲ್ಲ. ಆ ಸಂಕಟ ತನ್ನೊಬ್ಬನಿಗೇ ಸಾಕೆಂದು ಬಿಟ್ಟಿದ್ದರು. ಬೇಡ ಎನ್ನಲು ಹೊರಟವರು ಕೊಡೆ ಕೈಗೆ ತೆಗೆದುಕೊಂಡರು. ಕೆಲಸ ಮುಗಿದಿತ್ತು. ಇನ್ನು ಅವಳು ಬಂದರೆ ಏನು?

ಅದು ಜಗಲಿಗೆ ಉದ್ದಕ್ಕೂ ಕಬ್ಬಿಣದ ಸರಳು ಹಾಕಿದ ಹಳೆಯ ಕಟ್ಟಡ. ಸರಳಿನಾಚೆ ಐದಾರು ಮಂದಿ ಇದ್ದರು. ಒಬ್ಬಳು ಇಪ್ಪತ್ತೈದರ ಹುಡುಗಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು.

"ಅವಳು ಹನ್ನೊಂದು ದಿನ ಹೆಚ್ಚು ನಿಂತದ್ದು" ಎಂದಳು ದೀಪಶ್ರೀ. "ಈಗ ಮೂರು ತಿಂಗಳಾಯ್ತು. ಹೋಗ್ಲಿಕ್ಕೆ ಕಾಗದ ಬರ್ಬೇಕಲ್ಲ."

ಪುಷ್ಪಾವತಿ ಡಬ್ಬಿಯೊಡನೆ ಕಚೇರಿಯ ಒಳಗೆ ಹೋದಳು. ಮಾಷ್ಟ್ರು ಹಿಂದೆ ಉಳಿದು ಫೋನು ಹೊರತೆಗೆದರು. ಇದಕ್ಕಾಗಿಯೇ ಅವರು ಬಂದದ್ದು. ಒಂದು ಪಟ, ಯಾರನ್ನೂ ಕೇಳದೆ. ಫೋನು ಎತ್ತಿದೊಡನೆ ಚಾಪೆಯ ಮೇಲಿನ ಹುಡುಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಮಾಷ್ಟ್ರ ಎದೆಯಲ್ಲಿ ಏನೋ ಚುಚ್ಚಿತು. ಮರುಗಳಿಗೆ ಅದೂ ಸಿಟ್ಟಾಗಿಯೇ ಉರಿಯಿತು. ಇವಳಿಗಾದರೂ ಮುಚ್ಚಿಕೊಳ್ಳಲು ಕೈ ಏಳುತ್ತದೆ. ನನ್ನ ಮಗಳಿಗೆ ಅದೂ ಇರಲಿಲ್ಲವಲ್ಲ!

ಆಂಟನ್ ಎದ್ದು ಸರಳಿನ ಹತ್ತಿರ ಬಂದ. ಗಡ್ಡ ಬೆಳೆದಿತ್ತು. ಕೂಗಾಡಲಿಲ್ಲ. "ಯಾಕೆ ಸರ್?" ಎಂದಷ್ಟೇ ಕೇಳಿದ.

ಈ ಪ್ರಶ್ನೆಗೆ ಉತ್ತರವನ್ನು ಮಾಷ್ಟ್ರು ಎರಡು ತಿಂಗಳಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ನಿಖಿತಾ. ಅವಳಿಗೊಂದು ಹೆಸರಿತ್ತು, ನಿಖಿತಾ ಎಂದು. ಆದರೆ ಹೆಸರು ಹೇಳಿದರೆ ಕಾರಣ ಹೇಳಿದಂತೆ. ಕಾರಣ ಹೇಳಿದರೆ ಅಪರಾಧ ಒಪ್ಪಿಕೊಂಡಂತೆ. ಅವರು ತುಟಿ ಬಿಗಿಹಿಡಿದು, ಪಟ ತೆಗೆದು, ಕಚೇರಿಯ ಒಳಗೆ ನಡೆದರು. ಮಗಳ ಹೆಸರನ್ನು ನುಂಗಿದವರಲ್ಲಿ ಈಗ ತಾವೂ ಒಬ್ಬರಾದರು ಎಂಬುದು ಅವರಿಗೆ ಹೊಳೆಯಲಿಲ್ಲ.

ಮೇಜಿನ ಮೇಲೆ ಹೇಳಿಕೆಯ ಹಾಳೆ ಸಿದ್ಧವಿತ್ತು. ಪಾಸ್‌ಪೋರ್ಟ್ ತನ್ನ ಕೈಗೆ ಬಂದೇ ಇಲ್ಲ ಎಂದು ಅದರಲ್ಲಿತ್ತು. ಮಾಷ್ಟ್ರು ನಿಧಾನವಾಗಿ ಓದಿ, ತಪ್ಪಿಲ್ಲದ ಕನ್ನಡದಲ್ಲಿ ರುಜು ಹಾಕಿದರು. ದೀಪಶ್ರೀ ನಗುತ್ತ ಲಕೋಟೆಯಿಂದ ಪಾಸ್‌ಪೋರ್ಟ್ ತೆಗೆದಳು.

"ಒಂದು ತಮಾಷೆ ಉಂಟು ಮಾಷ್ಟ್ರೇ. ಇದು ಮಹಾನವಮಿಗೂ ಮೊದಲೇ ನಿಮ್ಮ ಕೈಗೆ ಕೊಟ್ಟದ್ದು ಅಂತಲೇ ಆ ಮನುಷ್ಯ ಸಾಧಿಸ್ತಾನೆ. ಮತ್ತೆ ಇದನ್ನು ಯಾರು ಮಾಡಿದ್ದು ಅಂತ ಕೇಳಿದ್ರೆ ಗೊತ್ತೇ ಇಲ್ಲ ಅಂತಾನೆ. ಯಾವುದೋ ದೇವಸ್ಥಾನದಲ್ಲಿ ಹಚ್ಚಿಸಿಕೊಂಡು ಮರೆತಿರ್ಬೇಕು, ಅಲ್ವಾ?"

ಅವಳು ಮೊದಲ ಪುಟ ಬಿಡಿಸಿದಳು. ಒಣಗಿದ ಒಂದು ಕೆಂಪು ಕೇಪಳದ ಹೂವು ಮೇಜಿನ ಮೇಲೆ ಉದುರಿತು. ಫೋಟೋದಲ್ಲಿ ಆಂಟನನ ಹಣೆಯ ಮೇಲೆ, ಎರಡು ಹುಬ್ಬಿನ ನಡುವೆ, ದುಂಡಗೆ ಒಂದು ಕುಂಕುಮದ ಬೊಟ್ಟು. ಮನೆಯ ಗೋಡೆಯಲ್ಲಿರುವ ಮಗಳ ಪಟದ ಹಣೆಯಲ್ಲಿ ದಿನವೂ ಕಾಣುವ ಬೊಟ್ಟು, ಅದೇ ಬೆರಳಿನದು. ಮಾಷ್ಟ್ರು ಹೆಂಡತಿಯ ಕಡೆ ತಿರುಗುವ ಮೊದಲೇ ಪುಷ್ಪಾವತಿ ಮುಂದೆ ಬಾಗಿ ಹೂವನ್ನು ಎತ್ತಿಕೊಂಡಿದ್ದಳು.

"ಅಯ್ಯೋ, ಅದು ನಾನೇ ಇಟ್ಟದ್ದು ಅಮ್ಮಾ. ವರ್ಷಾಂತ ಆಯ್ತಲ್ಲ, ನವಮಿಗೆ ನಮ್ಮ ನಿಖಿತಾನ ಪುಸ್ತಕವನ್ನೂ ಪೂಜೆಗೆ ತೆಗೆದೆ. ಮೊದಲೆಲ್ಲ ಪ್ರತಿ ವರ್ಷ ಆನೆಯ ಪುಟಕ್ಕೇ ನಾನು ಹೂ ಇಡುದು. ಬಿಡಿಸಿದ್ರೆ ಇದು ಅದರೊಳಗೆ ಉಂಟು! ಇವರು ಇಟ್ಟದ್ದು ಅಂತ ಗ್ರಹಿಸಿದೆ, ಆ ಪರದೇಶಿಯ ವೀಸಾದ ಕೆಲಸ ಆಗ್ಲಿ ಅಂತ. ಬೊಟ್ಟಿಲ್ಲದ ಹಣೆ ನೋಡ್ಲಿಕ್ಕೆ ಆಗುದಿಲ್ಲ ನಂಗೆ, ಫೋಟೋ ಆದ್ರೂ ಸಹ." ದೀಪಶ್ರೀಯ ಮುಖದ ನಗು ನಿಂತಿತು. ಅವಳು ಮಾಷ್ಟ್ರ ರುಜುವನ್ನೊಮ್ಮೆ, ಹೂವನ್ನೊಮ್ಮೆ ನೋಡಿ, ಹೊಸ ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿಖಿತಾ ಅಂದ್ರೆ ಯಾರಮ್ಮಾ?" ಎಂದು ಮೆಲ್ಲಗೆ ಕೇಳಿ, ಪೆನ್ನೆತ್ತಿ, ಎಲ್ಲಕ್ಕಿಂತ ಮೊದಲು ಆ ಹೆಸರನ್ನು ಬರೆದುಕೊಂಡಳು.